ಮೈನಸ್ ಮೂರನೇ ದಿನದ ನೀರು

ಕಂಪ್ಯೂಟರ್ ಪಾಠ ಹೇಳುವವರಿಗೆ ಭಾಗಾಕಾರವಾದರೂ ನೆಟ್ಟಗೆ ಬರುತ್ತದೆ ಎಂದು ಲೋಕ ನಂಬಿಕೊಂಡಿದೆ. ಚಾಮರಾಜನಗರದ ಕಾಲೇಜೊಂದರಲ್ಲಿ ಹನ್ನೆರಡು ವರ್ಷದಿಂದ ನನ್ನ ಹೊಟ್ಟೆ ತುಂಬಿಸುತ್ತಿರುವುದೂ ಈ ನಂಬಿಕೆಯೇ. ನನ್ನ ಗಂಡನ ಊರಾದ ಭೀಮನಬೀಡಿನಲ್ಲಿ ಏಳು ಮನೆಯವರು ಸೇರಿ ಒಂದು ಬೋರ್‌ವೆಲ್ ಹಾಕಿಸಿದರು. ದಿನಕ್ಕೊಂದು ಮನೆಯಂತೆ ನೀರಿನ ಸರದಿ ಹೇಳುವ ಪ್ರೋಗ್ರಾಂ ಬರೆದುಕೊಡುತ್ತೇನೆಂದು ನಾನೇ ಮೇಲೆ ಬಿದ್ದು ಒಪ್ಪಿಕೊಂಡೆ. ಯಾರೂ ಕೇಳಿರಲಿಲ್ಲ. ಬೆರಳಲ್ಲಿ ಮುಗಿಯುವ ಕೆಲಸಕ್ಕೆ ಲ್ಯಾಪ್‌ಟಾಪ್ ತೆಗೆಯುವುದು ನಮ್ಮಂಥವರ ಚಟ.

ಯುಗಾದಿಯ ದಿನದ ನೀರು ದೊಡ್ಡಮನೆಗೇ ಹೋಗಬೇಕೆಂಬುದು ಏಳೂ ಮನೆಯವರ ಮಾತು. ಹಾಗಾಗಿ ಯುಗಾದಿಯನ್ನು ಸೊನ್ನೆ ಎಂದಿಟ್ಟುಕೊಂಡು, ಮನೆಗಳಿಗೂ ಸೊನ್ನೆಯಿಂದ ಆರರವರೆಗೆ ನಂಬರ್ ಕೊಟ್ಟೆ. ದೊಡ್ಡಮನೆಯ ದೊಡ್ಡಪ್ಪ ಪಟ್ಟಿ ನೋಡಿ ಮುಖ ಸಪ್ಪಗೆ ಮಾಡಿಕೊಂಡರು. "ಎಲ್ಲಾರ್ಗೂ ನಂಬರ್ ಕೊಟ್ಟು ನಮ್ಗೆ ಸೊನ್ನೆ ಸುತ್ಬುಟ್ಯಲ್ಲವ್ವ" ಎಂದರು. ಕಂಪ್ಯೂಟರ್ ಎಣಿಸುವುದೇ ಸೊನ್ನೆಯಿಂದ ಎಂದು ಸಮಾಧಾನ ಹೇಳಿದೆ. "ಆಯ್ತು ಬುಡು, ನೀರು ಬಂದ್ರೆ ಸರಿ" ಎಂದರು.

ಪಂಪು ಯುಗಾದಿಗೆ ಮೂರು ದಿನ ಮುಂಚೆಯೇ ತಯಾರಾಯಿತು. ಬಿಸಿಲು ಜೋರಿತ್ತು, ಅವತ್ತಿನಿಂದಲೇ ನೀರು ಬಿಡುವುದೆಂದಾಯಿತು. ಅಂದರೆ ಅದು ಮೈನಸ್ ಮೂರನೇ ದಿನ. ದಿನವನ್ನು ಏಳರಿಂದ ಭಾಗಿಸಿ ಉಳಿಯುವ ಶೇಷವೇ ಮನೆಯ ನಂಬರ್ ಎಂಬುದು ನನ್ನ ಪ್ರೋಗ್ರಾಂ. ಅದು ಶೇಷವೂ ಮೈನಸ್ ಮೂರು ಎಂದಿತು. ಅಂಥ ಮನೆ ನಮ್ಮೂರಲ್ಲಿಲ್ಲ. ಮೈನಸ್ ಚಿಹ್ನೆಯನ್ನು ಅಳಿಸಿ, ಅವತ್ತು ಮೂರನೇ ನಂಬರಿನ ಮನೆಗೆ, ಮರುದಿನ ಎರಡಕ್ಕೆ, ಆಮೇಲೆ ಒಂದಕ್ಕೆ ನೀರೆಂದು ಪಟ್ಟಿ ಮಾಡಿ ವಾಟ್ಸಾಪಿನಲ್ಲಿ ಹಾಕಿದೆ. ಆಮೇಲೆ ಸುಮ್ಮನಿರಲಾರದೆ, ಹೀಗೇಕಾಯಿತೆಂದು ಪ್ರೋಗ್ರಾಮರುಗಳ ಆನ್‌ಲೈನ್ ವೇದಿಕೆಯೊಂದರಲ್ಲಿ ಕೇಳಿದೆ.

ಅಬ್ಬಾ, ಅಂಥ ಪಾಂಡಿತ್ಯವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಭಾಗಿಸಿದಾಗ ಬರುವ ಚೂರನ್ನು ಕಂಪ್ಯೂಟರ್ ಬಿಸಾಡುತ್ತದೆ. ಸಂಖ್ಯೆ ಮೈನಸ್ ಆದಾಗ ಉತ್ತರ ಸೊನ್ನೆಯ ಕಡೆಗೆ ತಿರುಗಬೇಕೋ, ಇನ್ನೂ ಕೆಳಕ್ಕೆ ಇಳಿಯಬೇಕೋ ಎಂಬುದು ಜಗಳ. ಕಂಪ್ಯೂಟರಿನ ಒಂದು ಭಾಷೆ ಹೀಗೆ, ಇನ್ನೊಂದು ಹಾಗೆ; ಶೇಷ ಮೈನಸ್ಸೋ ಪ್ಲಸ್ಸೋ ಎಂಬುದೂ ಅದರಂತೆ. ಒಬ್ಬ ಮಹಾನುಭಾವ ತನ್ನದೇ ಸರಿಯೆಂದು ಎರಡು ಪುಟ ಬರೆದು ಸಾಧಿಸಿ ತೋರಿಸಿದ. ಇನ್ನೊಬ್ಬ, "ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ, ಕೋಡು ಬರೆಯುವವರು ಇದರಲ್ಲಿ ತಲೆ ಹಾಕಬೇಡಿ" ಎಂದ. "ಮೊದಲು ನಿಮ್ಮ ಡಿಗ್ರಿ ತೋರಿಸಿ" ಎಂದ ಮೂರನೆಯವ. ಶೇಷ ಮೈನಸ್ ಆಗಲೇಬಾರದೆಂದು ಒಬ್ಬಾಕೆ ಬರೆದದ್ದನ್ನು ಓದಿ ಕಣ್ಣು ತೇವವಾಯಿತು. ಯಾರಿಗೂ ಇದರಿಂದ ಬಿಡಿಗಾಸಿನ ಲಾಭವಿಲ್ಲ, ಆದರೂ ಮೂರು ದಿನ ಊಟ ಬಿಟ್ಟವರಂತೆ ಬರೆದರು. ನಾನು ಒಲೆಯ ಮೇಲೆ ಹಾಲಿಟ್ಟು ಓದಿದೆ, ಹಾಲು ಉಕ್ಕಿದ ಮೇಲೂ ಓದಿದೆ. ನನ್ನದೊಂದು ಪುಟ್ಟ ಪ್ರಶ್ನೆ ಇಷ್ಟು ದೊಡ್ಡವರನ್ನು ಎಬ್ಬಿಸಿತಲ್ಲ ಎಂದು ಹೆಮ್ಮೆಯಾಗುತ್ತಿತ್ತು.

ಯುಗಾದಿಯ ಮಧ್ಯಾಹ್ನ ಹೋಳಿಗೆ ಉಂಡು ಹೊಲದ ಕಡೆ ಹೋದೆ. ನಾಲ್ಕನೇ ನಂಬರಿನ ಮನೆಯ ಪುಟ್ಟಕ್ಕ ಹಬ್ಬದ ಸೀರೆ ಎತ್ತಿ ಕಟ್ಟಿಕೊಂಡು, ಟೊಮ್ಯಾಟೊ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದರು. ಅರ್ಧ ಸಾಲು ಆಗಲೇ ತಲೆ ಬಗ್ಗಿಸಿತ್ತು. ಸರದಿ ಬರುವ ಮೊದಲೇ ಏಕೆ ನೆಟ್ಟಿರಿ ಎಂದೆ.

"ಯುಗಾದಿ ದಿಸ ದೊಡ್ಡಮನೇದು. ಅದ್ರ ಹಿಂದ್ಲ ದಿಸ ಕಡೇ ಮನೇದು. ಅದ್ರ ಹಿಂದ್ಲದು ಸಿದ್ದಣ್ಣಂದು, ಅದ್ರ ಹಿಂದ್ಲದು ನಂದು. ಮೊದಲ್ನೇ ನೀರು ನಂದೇ ಅಂತ ಎಣಿಸ್ಕಂಡು ನೆಟ್ಬುಟ್ಟೆ ಕಣವ್ವ."

ನಾನೂ ಬೆರಳು ಮಡಚಿದೆ. ಸರಿಯಾಗಿತ್ತು. ನನ್ನ ಪಟ್ಟಿಯಲ್ಲಿ ಸರದಿ ಯುಗಾದಿಯವರೆಗೆ ಹಿಮ್ಮುಖವಾಗಿ ಬಂದು, ಮತ್ತೆ ಅದೇ ಮನೆಗಳ ಮೇಲೆಯೇ ವಾಪಸು ಹೊರಟಿತ್ತು. ಏಳು ದಿನದಲ್ಲಿ ಮೂರು ಮನೆಗೆ ಎರಡೆರಡು ಸಲ ನೀರು, ಮೂರು ಮನೆಗೆ ಇಲ್ಲವೇ ಇಲ್ಲ. ಮೂರು ದಿನದ ಆ ಮಹಾಯುದ್ಧವನ್ನು ಈ ಹೆಂಗಸು ನಾಲ್ಕು ಬೆರಳಲ್ಲಿ ಮುಗಿಸಿದ್ದರು, ಮೈನಸ್ಸೂ ಇಲ್ಲ, ಡಿಗ್ರಿಯೂ ಇಲ್ಲ. "ಹಾಗಿದ್ದರೆ ಹೇಳಬಾರದಿತ್ತೇ ಪುಟ್ಟಕ್ಕ?" ಎಂದೆ.

"ನೀನು ಓದಿರೋಳು. ನೀನೇ ಬರ್ದಿದೀಯ ಅಂದ್ಮೇಲೆ ನನ್ ಲೆಕ್ಕನೇ ತಪ್ಪಿರ್ಬೇಕು ಅನ್ಕಂಡೆ."

ತುಂಬಾ ನಾಚಿಕೆಯಾಯಿತು. ಹೋಗಿ ದೊಡ್ಡಪ್ಪನೆದುರು ತಪ್ಪು ಒಪ್ಪಿಕೊಂಡೆ. ಅವರು ಅವತ್ತು ಉಳಿದ ನೀರನ್ನೂ ಮರುದಿನದ್ದನ್ನೂ ಪುಟ್ಟಕ್ಕನ ಹೊಲಕ್ಕೇ ತಿರುಗಿಸಿದರು. ಕಾಲುವೆಯಲ್ಲಿ ನೀರು ಬರುವವರೆಗೆ ಬದುವಿನ ಮೇಲೆ ಕೂತು, ಪುಟ್ಟಕ್ಕನ ಎಣಿಕೆಯನ್ನು ಒಂದಕ್ಷರ ಬಿಡದೆ ವೇದಿಕೆಯಲ್ಲಿ ಬರೆದೆ. ಇಪ್ಪತ್ತು ವರ್ಷದ ಗಣಿತದವರಿಂದ ಕೂಡಲೇ ಜವಾಬು ಬಂತು: "ಅದಿರಲಿ, ಈ ಮಹಿಳೆಯ ವಿದ್ಯಾರ್ಹತೆ ಏನು?"

"ಏನಂತವ್ವ ಅದ್ರಲ್ಲಿ?" ಎಂದು ಪುಟ್ಟಕ್ಕ ಬಗ್ಗಿ ನೋಡಿದರು.

"ನಿಮ್ಮ ಲೆಕ್ಕವೇ ಸರಿಯಂತೆ, ದೊಡ್ಡ ಮೇಷ್ಟ್ರು ಒಪ್ಪಿಕೊಂಡರು" ಎಂದೆ. ಆ ವಾರ ನಾನು ಅವರಿಗೆ ಕೊಟ್ಟ ಎರಡನೇ ಸುಳ್ಳು ಮಾಹಿತಿ ಅದು. ಓದಿರುವವಳು ಹೇಳಿದ್ದೆಂದು ಅದನ್ನೂ ನಂಬಿದರು.