ಬುಕ್ರಾ ಮತ್ತು ಇತರೆ

ನಗುವ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅವೇ ಕರಾಮದಲ್ಲಿ ಬಸ್ಸು ಹತ್ತಿ, ರಾಸ್ ಅಲ್ ಖೋರಿನ ನನ್ನ ಎಸಿ ರಿಪೇರಿ ಅಂಗಡಿಗೆ ಬಂದು ಇಳಿಯುತ್ತಿದ್ದವು. ಆಗಿನ್ನೂ ದುಬೈಗೆ ಮೆಟ್ರೋ ಬಂದಿರಲಿಲ್ಲ, ನನ್ನ ಹೆಸರು ಬಂದಿತ್ತು. ನಾನು ಮುಟ್ಟಿದ ಎಸಿಯ ಎದುರು ನಿಂತ ಒಂಟೆ ಶಾಲು ಕೇಳಿದ್ದುಂಟು.

೧. ಫಾರಂ

ಅಲ್ ಕುಸೈಸ್‌ನ ಒಂದು ಶಾಲೆಯ ವೃತ್ತಿಶಿಕ್ಷಣದ ಮೇಷ್ಟ್ರು ಫಾರಂ ಹಿಡಿದು ಬಂದರು. ಉದ್ಯಮಿಯ ಗುಣ ಎಲ್ಲಿಂದ ಬರುತ್ತದೆಂದು ಅವರಿಗೆ ತಿಳಿಯಬೇಕಂತೆ. ಮನೆತನ, ಶಾಲೆ, ಧೈರ್ಯ, ಇತರೆ ಎಂದು ನಾಲ್ಕು ಚೌಕ.

“ನೀವು ಹೇಗೆ ಅಂಗಡಿ ಇಟ್ರಿ?”

“ಕಂಪೆನಿಯವರು ಕೆಲಸದಿಂದ ತೆಗೆದ್ರು. ಮನೆಗೆ ಹೋದೆ. ಹೆಂಡತಿ ಒಂದು ಸಲ ನೋಡಿದಳು. ಮರುದಿನ ಅಂಗಡಿ ಇಟ್ಟೆ ಮಾರಾಯ್ರೆ.”

ಮೇಷ್ಟ್ರು ತುಂಬ ಯೋಚಿಸಿ ಅವಳನ್ನು ‘ಇತರೆ’ಗೆ ಹಾಕಿದರು. ಅದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳಿದೆ. ಒಂದು ವಾರ ಕರಾಮದ ಹೋಟೆಲಿನಲ್ಲೇ ನನ್ನ ಊಟ.

೨. ಭಾಷಣ

ಆಮೇಲೆ ಮೇಷ್ಟ್ರು ತಮ್ಮ ಎಸಿ ರಿಪೇರಿ ಕ್ಲಾಸಿನ ಮಕ್ಕಳಿಗೆ ಬುದ್ಧಿ ಹೇಳಲು ನನ್ನನ್ನು ಕರೆದರು. ನಾನು ಶುರುಮಾಡಿದೆ.

“ಗಿರಾಕಿಗೆ ‘ಇಲ್ಲ’ ಅನ್ನಬಾರದು. ‘ಬುಕ್ರಾ’ ಅನ್ನಬೇಕು. ಅರಬಿಯಲ್ಲಿ ನಾಳೆ ಅಂತ.”

ಕ್ಲಾಸಿನಲ್ಲಿದ್ದ ಒಬ್ಬಳೇ ಹುಡುಗಿ, ನಮ್ಮ ಮೇಲಿನ ಫ್ಲ್ಯಾಟಿನವಳು, ಕೈ ಎತ್ತಿದಳು. “ಅಂಕಲ್, ಬುಕ್ರಾಕ್ಕೂ ಸುಳ್ಳಿಗೂ ಡಿಫರೆನ್ಸ್ ಏನು?”

“ಸುಳ್ಳು ಒಂದು ದಿನ ಸಿಕ್ಕಿಬೀಳ್ತದೆ ಮಗಾ. ಬುಕ್ರಾ ಹಾಗಲ್ಲ, ದಿನಾ ಹೊಸದು.”

ಮಕ್ಕಳೆಲ್ಲ ಬರೆದುಕೊಂಡರು. ಮೇಷ್ಟ್ರೂ ಬರೆದುಕೊಂಡರು.

೩. ಪತ್ರ

ಅದೇ ಹುಡುಗಿ ತರಬೇತಿಗೆ ನನ್ನ ಅಂಗಡಿಗೆ ಬಂದಳು. ನಾನು ಐದು ಬುಕ್ರಾ ಕೊಟ್ಟಿದ್ದ ಎಸಿಯನ್ನು ಅರ್ಧ ಗಂಟೆಯಲ್ಲಿ ತಣ್ಣಗೆ ಮಾಡಿದಳು. ಗಿರಾಕಿಗಳು ಅವಳನ್ನೇ ಕೇಳತೊಡಗಿದರು. ತರಬೇತಿ ಮುಗಿಯಿತೆಂದು ನಾನು ಪತ್ರ ಕೊಡದಿದ್ದರೆ ಅವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಕೊಟ್ಟರೆ ಅವಳು ಹೊರಟುಹೋಗುತ್ತಾಳೆ. ಹಾಗಾಗಿ ‘ಬುಕ್ರಾ’ ಅಂದೆ. ಮರುದಿನವೂ ಅಂದೆ. ಪತ್ರ ಕೊಡುವ ಕಡೇ ದಿನವೂ ಬಂತು.

ಅವತ್ತೇ ನನ್ನ ಮನೆಯ ಎಸಿ ನಿಂತಿತು. ಮೇ ತಿಂಗಳ ಸೆಕೆ. ಉಡುಪಿಯಿಂದ ಅತ್ತೆ ಬಂದು ಕೂತಿದ್ದಾರೆ. ನಾನೇ ಬಿಚ್ಚಿ ಜೋಡಿಸಿದೆ. ನಾಲ್ಕು ಸ್ಕ್ರೂ ಉಳಿಯಿತು, ಗಾಳಿ ಬರಲಿಲ್ಲ. ಹೆಂಡತಿ ಮೇಲಿಂದ ಹುಡುಗಿಯನ್ನು ಕರೆತಂದಳು. ಅವಳು ಬಾಗಿಲಲ್ಲೇ ನಿಂತಳು.

“ಬುಕ್ರಾ, ಅಂಕಲ್.”

ಅತ್ತೆ ಗಾಳಿ ಬೀಸಿಕೊಳ್ಳುತ್ತಿದ್ದದ್ದು ನನ್ನ ಅಂಗಡಿಯ ಲೆಟರ್‌ಪ್ಯಾಡಿನಿಂದ. ಅದನ್ನೇ ಕಿತ್ತುಕೊಂಡು ಪತ್ರ ಬರೆದೆ. ಐದು ನಿಮಿಷದಲ್ಲಿ ಸಹಿ, ಹತ್ತು ನಿಮಿಷದಲ್ಲಿ ತಂಗಾಳಿ.

ಹುಡುಗಿ ಪಾಸಾದಳು. ಉದ್ಯಮಿಯ ಗುಣ ಎಲ್ಲಿಂದ ಬಂತೆಂದು ಕೇಳುವ ಅದೇ ಫಾರಂ ಅನ್ನು ಮೇಷ್ಟ್ರು ಅವಳಿಂದಲೂ ತುಂಬಿಸಿ, ತಂದು ತೋರಿಸಿದರು. ನನ್ನ ಹೆಸರು ಇತ್ತು, ‘ಇತರೆ’ಯ ಪಕ್ಕದಲ್ಲಿ. ಹೆಂಡತಿಗೆ ಓದಿ ಹೇಳಿದೆ.

ಅವಳು ತಟ್ಟೆ ಇಟ್ಟಳು. “ಬನ್ನಿ ಇತರೆ, ಊಟ ತಣ್ಣಗಾಗ್ತದೆ. ನೀವು ತಣ್ಣಗೆ ಮಾಡಿದ್ದು ಇಷ್ಟೇ.”