ಪುಕ್ಕಟೆ ಇಂಗ್ಲಿಷ್ ಮತ್ತು ಗಣೇಶಗುಡಿಯ ಕಪ್ಪೆ

ಪುಕ್ಕಟೆ ಸಿಗುತ್ತದೆ ಎಂದರೆ ನಾನು ಬೇಡವಾದದ್ದನ್ನೂ ಬಿಡುವವನಲ್ಲ. ದಾಂಡೇಲಿಯಲ್ಲಿ ಇಂಟರ್‌ನೆಟ್ ಅಂಗಡಿ ಹೊಸದಾಗಿ ಬಂದ ಕಾಲ. ಯಾವುದೋ ವಿದೇಶಿ ರೇಡಿಯೊದವರು ತಮ್ಮ ವೆಬ್‌ಸೈಟಿನಲ್ಲಿ ಇಂಗ್ಲಿಷ್ ಪಾಠ ಇಟ್ಟಿದ್ದಾರೆ, ಫೀ ಇಲ್ಲ ಎಂದು ನಮ್ಮ ಆಫೀಸಿನಲ್ಲಿ ಸುದ್ದಿ ಹಬ್ಬಿತು. ನನಗೆ ಅದು ಬೇಕೂ ಆಗಿತ್ತು. ಹೆಂಡತಿಯ ತಮ್ಮ ಬಸು ಹತ್ತಿರದ ಗಣೇಶಗುಡಿ ಊರಿನಲ್ಲಿ ಹೋಮ್‌ಸ್ಟೇ ತೆರೆದಿದ್ದ. ರಾಫ್ಟಿಂಗ್‌ಗೆ ಬರುವ ಪರದೇಶಿಗಳ ಜೊತೆ ಯಾರು ಮಾತಾಡುವುದು ಎಂದು ಅವನು ಒದ್ದಾಡುತ್ತಿದ್ದಾಗ, "ಯಾಕ ಚಿಂತಿ ಮಾಡ್ತಿ? ನಾ ಅದೀನಲ್ಲ" ಎಂದು ಎದೆ ತಟ್ಟಿಕೊಂಡಿದ್ದೆ.

ರವಿವಾರ ಆ ಅಂಗಡಿಯಲ್ಲಿ ಕೂತು ಕೇಳುವ ಪಾಠಕ್ಕೆ ಹೆಂಡತಿ ಗಂಗಾಳೂ ಬರುತ್ತಿದ್ದಳು. ಕಲಿಯುವುದಕ್ಕಲ್ಲ, ಆ ಪರದೆಯ ಮೇಲೆ ನಾನು ಬೇರೇನಾದರೂ ನೋಡದಂತೆ ಕಾಯುವುದಕ್ಕೆ. ಹೆಡ್‌ಫೋನಿನ ಒಂದು ಬದಿ ನನ್ನ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಪಾಠದ ಗಂಡಹೆಂಡತಿ ಜಗಳವನ್ನೂ 'ಪ್ಲೀಸ್' ಹಚ್ಚಿಯೇ ಆಡುತ್ತಿದ್ದರು. ನಾನು ಉಚ್ಚಾರದ ಬೆನ್ನು ಹತ್ತಿದೆ. ಕನ್ನಡಿಯ ಮುಂದೆ ನಾಲಿಗೆ ಮಡಚಿ 'ವೆದರ್' ಎನ್ನುತ್ತಿದ್ದರೆ ಗಂಗಾ, "ಹಲ್ಲು ನೋಯಾಕತ್ತೈತೇನ್ರಿ?" ಎಂದಳು.

ಅಂತೂ ಬಸುವಿಗೆ ಮೊದಲ ಪರದೇಶಿ ಗಿರಾಕಿಗಳು ಬಂದರು, ಗಂಡಹೆಂಡತಿ. ನಾನೂ ಗಂಗಾಳೂ ಹೋದೆವು, ಅವಳು ಅಡುಗೆಗೆ, ನಾನು ಮಾತಿಗೆ. ಇಸ್ತ್ರಿ ಶರ್ಟು ತೊಟ್ಟು ಅಂಗಳದಲ್ಲಿ ನಿಂತು, ಹವೆ ಬಹಳ ಹಿತವಾಗಿದೆ ಅಲ್ಲವೇ ಎಂದು ಅವರ ಭಾಷೆಯಲ್ಲೇ ಕೇಳಿದೆ. ಅವರು ಖುಷಿಯಾದರು. ಬಸು ನನ್ನನ್ನು ದೇವರಂತೆ ನೋಡಿದ. ಈ ದೇವರ ಪಟ್ಟ ಆ ಹೆಂಗಸು ಸ್ನಾನಕ್ಕೆ ಹೋಗುವವರೆಗೆ ಉಳಿಯಿತು.

ಬಾತ್‌ರೂಮಿನಿಂದ ಕಿರುಚಾಟ ಕೇಳಿತು. ಚಿಲಕ ತೆಗೆಯಲೊಲ್ಲಳು. ಗಂಡ ಓಡಿಬಂದು ನನ್ನೆದುರು ಗಡಗಡನೆ ಇಂಗ್ಲಿಷ್ ಸುರಿದ. ನಮ್ಮ ರೇಡಿಯೊದವರು ಒಂದೊಂದೇ ಶಬ್ದ ಬಿಡಿಸಿ ಹೇಳುತ್ತಿದ್ದರಲ್ಲ!

"ಏನಂತಾರ್ರಿ ಮಾಮಾರ? ಬಿಟ್ಟು ಹೊಂಟಾರೇನು?" ಬಸುವಿನ ಮುಖ ಬಿಳಿಚಿತ್ತು.

ನನ್ನ ತಲೆಯಲ್ಲಿ ಉಳಿದಿದ್ದು ಸ್ಟೇಷನ್ನಿಗೆ ದಾರಿ ಹೇಳುವ ಪಾಠ ಒಂದೇ. "ಗೋ ಸ್ಟ್ರೇಟ್, ದೆನ್ ಟರ್ನ್ ಲೆಫ್ಟ್" ಎಂದೆ. ಆತ ಎಡಕ್ಕೆ ನೋಡಿದ. ಅಲ್ಲಿ ಎಮ್ಮೆ ಕಟ್ಟಿತ್ತು.

ಗಂಗಾ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದಳು. "ಒಳಗ ಬಾಗಲದಾಗ ಕಪ್ಪಿ ಕುಂತೈತಂತ ಅಂವ ಆಗಿಂದ ಬಡಕೊಳ್ಳಾಕತ್ತಾನ, ಕೇಳಸವಲ್ದೇನ್ರಿ?" ಎಂದು ನನ್ನನ್ನು ಬದಿಗೆ ಸರಿಸಿ ಬಾಗಿಲು ತಟ್ಟಿದಳು. "ಮೇಡಂ, ಪ್ಲೀಸ್ ಓಪನ್. ಸ್ನೇಕ್ ನಾಟ್ ಗುಡ್. ಫ್ರಾಗ್ ಗುಡ್. ಟುಡೇ ಓನ್ಲಿ ಫ್ರಾಗ್."

ಒಳಗೆ ಕಿರುಚಾಟ ನಿಂತಿತು. ಆಮೇಲೆ ನಗು ಕೇಳಿಸಿ ಬಾಗಿಲು ತೆರೆಯಿತು. ಇಬ್ಬರು ಹೆಂಗಸರೂ ಸೇರಿ ಕಪ್ಪೆಯನ್ನು ಬಕೆಟ್ಟಿನಲ್ಲಿ ಹಿಡಿದು ಹಿತ್ತಲಿಗೆ ಬಿಟ್ಟುಬಂದರು.

ಮುಂದಿನ ಸಲ ಬಸು ಫೋನ್ ಮಾಡಿದಾಗ, "ಅಕ್ಕನ್ನ ಕಳಸ್ರಿ ಮಾಮಾರ" ಎಂದ. ಆಮೇಲೆ, "ನೀವೂ ಬರ್ರಿ. ಸಾಮಾನ ಎತ್ತಾಕ ಆಳು ಸಿಗವಲ್ರು" ಎಂದ. ಈಗ ಗಂಗಾ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬಂದವರ ಜೊತೆ ಹರಟುತ್ತಾಳೆ, ನಾನು ಚೀಲ ಹೊರುತ್ತೇನೆ. ಅವರು 'ಥ್ಯಾಂಕ್ಯೂ' ಎಂದರೆ, ತಕ್ಕ ಉಚ್ಚಾರದಲ್ಲಿ 'ನಾಟ್ ಅಟ್ ಆಲ್' ಎನ್ನುತ್ತೇನೆ. ಮೊನ್ನೆ ಒಬ್ಬಾತ ಅದನ್ನು ಕೇಳಿ ಬೆರಗಾಗಿ ನನಗೇನೋ ಹೇಳಿದ. ಬಹಳ ಹೆಮ್ಮೆಯಿಂದ ತಲೆಯಾಡಿಸಿದೆ. ಇಷ್ಟು ದಿನ ಲಂಡನ್ನಿನಲ್ಲಿ ಹಮಾಲಿ ಮಾಡುತ್ತಿದ್ದೆಯಾ ಎಂದು ಆತ ಕೇಳಿದ್ದನೆಂದು ಆಮೇಲೆ ಗಂಗಾ ಬಿಡಿಸಿ ಹೇಳಿದಳು.