ಬಾಡು ಬಿಟ್ಟ ಹುಡುಗಿಯ ಪಾಡು

ಮನೆಮಂದಿಯೆಲ್ಲ ಬಾಡೂಟಕ್ಕೆ ಬಾಯಿ ಚಪ್ಪರಿಸುವಾಗ ಒಬ್ಬಳು ಮಾತ್ರ ಒಲ್ಲೆ ಅಂದರೆ ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಅದೇ ಬರುತ್ತದೆ. ಅರವತ್ತರ ದಶಕದ ಶುರುವಿನಲ್ಲಿ ನಾವು ದಾವಣಗೆರೆಯ ಆನೆಕೊಂಡದಲ್ಲಿದ್ದೆವು. ಅಪ್ಪ ಹತ್ತಿ ಮಿಲ್ಲಿನ ಕೆಲಸಗಾರ. ನಾನು ಕೈಯಾರೆ ಕಾಳು ಹಾಕಿ ಸಾಕಿದ್ದ ಚುಕ್ಕೆ ಕೋಳಿ ಒಂದು ಭಾನುವಾರ ಸಾರಾಗಿ ನನ್ನ ತಟ್ಟೆಗೇ ಬಂತು. ಅವತ್ತು ತಟ್ಟೆ ಬಿಟ್ಟು ಎದ್ದವಳು ಮತ್ತೆ ಬಾಡು ಮುಟ್ಟಲಿಲ್ಲ. ಆಗ ನನಗೆ ಹದಿನಾಲ್ಕು.

ಡಾಕ್ಟರ ತೋಳು

ಇದು ಕಾಯಿಲೆಯೇ ಅಂತ ಅವ್ವನಿಗೆ ಗಟ್ಟಿಯಾಯಿತು. ಪೇಟೆಯ ಡಾಕ್ಟರ ಹತ್ತಿರ ಕರೆದೊಯ್ದು, ಹುಡುಗಿಗೆ ಬಾಯಿ ಕೆಟ್ಟೈತೆ, ಬಾಡು ಮುಟ್ಟಲ್ಲ, ಒಂದು ಸೂಜಿ ಹಾಕ್ರಿ ಅಂದಳು. ಡಾಕ್ಟರು ನಾಲಿಗೆ ನೋಡಿ, ರೆಪ್ಪೆ ಎತ್ತಿ ನೋಡಿ, ಏನೇನು ಉಣ್ಣುತ್ತೀಯ ಅಂತ ಕೇಳಿದರು. ರೊಟ್ಟಿ, ಕಾಳು, ಸೊಪ್ಪು, ಮಜ್ಜಿಗೆ ಅಂದೆ. ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ, ಸೂಜಿ ಬೇಡ, ನಾನೂ ಹುಟ್ಟಿದಾಗಿನಿಂದ ಮಾಂಸ ತಿಂದವನಲ್ಲ ಅಂದರು. ನನಗೆ ಹೋದ ಜೀವ ಬಂದಂತಾಯಿತು.

ಅವ್ವ ಡಾಕ್ಟರ ಕಡ್ಡಿಯಂಥ ತೋಳನ್ನೇ ನೋಡುತ್ತಿದ್ದಳು. ಹೊರಗೆ ಬಂದು ಮೆಲ್ಲಗೆ ಹೇಳಿದಳು: "ನೋಡ್ದ್ಯಾ? ಹಿಂಗೇ ಆಗ್ತೀಯ."

ಗೆಳತಿಯ ಮನೆಯ ಪೂರಿ

ನನ್ನ ಕ್ಲಾಸಿನ ಗೆಳತಿಯ ಅಪ್ಪನದು ತಗಡಿನ ಡಬ್ಬಿ ಮಾಡುವ ಅಂಗಡಿ. ರಂಜಾನ್ ಹಬ್ಬಕ್ಕೆ ಅವರ ಮನೆಗೆ ಕರೆದಳು. ಉಣ್ಣದೆ ಬಂದರೆ ಅವಳ ಅಮ್ಮ ನೊಂದುಕೊಳ್ಳುತ್ತಾರೆ ಅಂತ ದಾರಿಯುದ್ದಕ್ಕೂ ಅಳುಕು. ಹೋಗಿ ನೋಡಿದರೆ ಆ ತಾಯಿ ಹೊಸ ಬಾಣಲೆ ಇಟ್ಟು, ನನಗೋಸ್ಕರ ಪೂರಿ, ಆಲೂಗಡ್ಡೆ ಪಲ್ಯ ಮಾಡಿದ್ದರು. "ಎಲ್ಲಾ ಬ್ಯಾರೆ ಮಾಡೀನಿ ಬೇಟಿ, ಆರಾಮ ಉಣ್ಣು" ಅಂದರು. ನನ್ನ ಕಣ್ಣು ತುಂಬಿತು.

ಆ ಕಣ್ಣು ಒರೆಸಿಕೊಳ್ಳುವುದರೊಳಗೆ ಗೆಳತಿಯ ತಮ್ಮಂದಿರು ಬಿರಿಯಾನಿ ಬಿಟ್ಟು ಬಂದು ಪೂರಿಗೆ ಕೈ ಹಾಕಿದ್ದರು. ನನ್ನ ಪಾಲಿಗೆ ಉಳಿದದ್ದು ಒಂದೇ ಪೂರಿ. ಆಮೇಲೆ ಶಾವಿಗೆ ಪಾಯಸದಲ್ಲೇ ಹೊಟ್ಟೆ ತುಂಬಿಸಿಕೊಂಡೆ. ಅಂದಿನಿಂದ ಆ ಹುಡುಗರು ದಾರಿಯಲ್ಲಿ ಸಿಕ್ಕಾಗಲೆಲ್ಲ, ಮತ್ತೆ ಯಾವಾಗ ಬರ್ತೀಯಕ್ಕ ಅಂತ ಕೇಳುತ್ತಿದ್ದರು.

ಕಣ್ಣಿಲ್ಲದ ಮೀನು

ಬೇಸಿಗೆ ರಜೆಗೆ ಹರಿಹರದ ಅಜ್ಜಿಮನೆ. ತುಂಗಭದ್ರೆ ಹತ್ತಿರವೇ ಇದ್ದದ್ದರಿಂದ ಅಲ್ಲಿ ಮೀನು ಅಂದರೆ ನಿತ್ಯದ ಊಟ. ನಾನು ಬಾಡು ತಿನ್ನುವುದಿಲ್ಲ ಅಂದಾಗ ಅಜ್ಜಿ ಒಪ್ಪಿಕೊಂಡೇ ಮೀನು ಬಡಿಸಿದಳು. ಇದೂ ಬಾಡೇ ಅಲ್ಲವಾ ಅಂದೆ. ಕೋಳಿ ಕೂಗುತ್ತದೆ, ಕುರಿ ಅರಚುತ್ತದೆ, ಮೀನು ಯಾವತ್ತಾದರೂ ಸದ್ದು ಮಾಡಿದೆಯಾ, ಬದನೆಕಾಯಿ ಇದ್ದ ಹಾಗೇ ಇದು ಅಂತ ಅಜ್ಜಿಯ ವಾದ.

ಬದನೆಕಾಯಿಗೆ ಕಣ್ಣಿರಲ್ಲಜ್ಜಿ, ಇದು ನನ್ನೇ ನೋಡ್ತೈತೆ ಅಂದೆ. ಅಜ್ಜಿ ತಟ್ಟೆಯಿಂದ ಮೀನು ಎತ್ತಿಕೊಂಡಳು. ಗೆದ್ದೆ ಅಂದುಕೊಂಡು ನಿರಾಳವಾದೆ.

ಮಾರನೆಯ ದಿನ ತಟ್ಟೆಯಲ್ಲಿ ತಲೆ ತೆಗೆದ ಮೀನು. "ಈಗ ನೋಡಲ್ಲ, ಉಣ್ಣು" ಅಂದಳು ಅಜ್ಜಿ.

ಉಪ್ಪಿನ ಪರೀಕ್ಷೆ

ಹದಿನೆಂಟು ತುಂಬಿದಾಗ ಗುತ್ತೂರಿನಿಂದ ನನ್ನನ್ನು ನೋಡಲು ಬಂದರು. ಹುಡುಗ ನನಗೆ ಹಿಡಿಸಿದ್ದ. ಆದರೆ ನನ್ನ ಊಟದ ವಿಷಯ ತಿಳಿದು ಇದಕ್ಕೂ ಮುಂಚೆ ಒಂದು ಸಂಬಂಧ ಮುರಿದುಬಿದ್ದಿತ್ತು. ಹಾಗಾಗಿ ಬಾಯಿ ಬಿಡಬೇಡ ಅಂತ ಅವ್ವ ಮುಂಜಾನೆಯಿಂದ ಹೇಳುತ್ತಲೇ ಇದ್ದಳು. ಹುಡುಗನ ತಾಯಿ ನೇರವಾಗಿ ನನ್ನನ್ನೇ ಕೇಳಿದರು, ಬಾಡಿನ ಸಾರು ಮಾಡಾಕೆ ಬರುತ್ತಾ ಅಂತ. ಬರ್ತೈತ್ರಿ ಅಂದೆ. ಉಪ್ಪು-ಖಾರ ಹೆಂಗೆ ನೋಡ್ತೀಯ ಅಂದರು.

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಕೈ ಅಳತೆ ಮ್ಯಾಲೆ ಹಾಕ್ತೀನ್ರಿ. ರುಚಿ ನೋಡಲ್ಲ. ನಾನು ಬಾಡು ತಿನ್ನಲ್ಲ" ಅಂದೆ.

ಅವ್ವ ತಲೆ ಮೇಲೆ ಕೈ ಹೊತ್ತಳು. ಅಪ್ಪ ಸೂರು ನೋಡಿದ. ಎಲ್ಲ ಮುಗಿಯಿತು ಅಂದುಕೊಂಡೆ. ಹುಡುಗನ ತಾಯಿ ನಿಧಾನಕ್ಕೆ ಇನ್ನೊಮ್ಮೆ ಕೇಳಿದರು, ಒಂದು ತುಂಡೂ ಬಾಯಿಗೆ ಹಾಕಲ್ವಾ ಅಂತ. ಇಲ್ಲರಿ ಅಂದೆ.

ಆಕೆ ಉಸಿರು ಬಿಟ್ಟು ಗಂಡನ ಕಡೆ ತಿರುಗಿದರು.

"ಇದೇ ಹುಡುಗಿ ಇರ್ಲಿ. ಹಿರೇ ಸೊಸೆ ಉಪ್ಪು ನೋಡ್ತೀನಂತ ಅರ್ಧ ಗಡಿಗೆ ಖಾಲಿ ಮಾಡ್ತಾಳೆ."